ಮನೆ ಕಟ್ಟಿಸ್ತಾ ಇದ್ದೀರಾ? ಸೈಟಿನಲ್ಲಿ ಜೀವ ಹೋಗುವ ಜಾಗಗಳನ್ನು ಮೊದಲೇ ನೋಡಿಕೊಳ್ಳಿ

ಮನೆ ಕಟ್ಟಿಸುವವರು ನನ್ನ ಹತ್ತಿರ ನೂರೆಂಟು ವಿಷಯ ಕೇಳುತ್ತಾರೆ. ಚಿರೆಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಎಲ್ಲಿಂದ ತರಿಸಲಿ, ಸ್ಲ್ಯಾಬಿಗೆ ಎಷ್ಟು ದಿನ ನೀರು ಕಟ್ಟಬೇಕು, ಮಳೆಗಾಲ ಹಿಡಿಯುವುದರೊಳಗೆ ಮೇಲಿನ ಶೀಟು ಮುಗಿಯುತ್ತದಾ. ಕೆಲಸಕ್ಕೆ ಬಂದ ಆಳು ಸಂಜೆ ಬಂದ ಹಾಗೇ ವಾಪಸ್ ಹೋಗಬೇಕಾದರೆ ನಾನೇನು ಮಾಡಬೇಕು ಎಂದು ಕೇಳಿದವರು ಇಷ್ಟು ವರ್ಷದಲ್ಲಿ ಇಬ್ಬರೋ ಮೂವರೋ. ಅದು ಮೇಸ್ತ್ರಿ ನೋಡಿಕೊಳ್ಳುವ ವಿಷಯ ಎಂದು ಮನೆಯವರು ಅಂದುಕೊಂಡಿರುತ್ತಾರೆ. ಅದು ಆಳಿನ ಹಣೆಬರಹ ಎಂದು ಮೇಸ್ತ್ರಿ ಅಂದುಕೊಂಡಿರುತ್ತಾನೆ.

ಹದಿನೇಳು ವರ್ಷದಿಂದ ಉತ್ತರ ಕನ್ನಡ ಜಿಲ್ಲೆಯ ಕುಮಟಾ, ಅಂಕೋಲಾ, ಕಾರವಾರ ಕಡೆ ಮನೆ ಕೆಲಸಗಳ ಮೇಲ್ವಿಚಾರಣೆ ಮಾಡಿಕೊಂಡಿದ್ದೇನೆ. ಕೈಗಾ ಅಣುಸ್ಥಾವರದಲ್ಲೋ ಸೀಬರ್ಡ್ ನೌಕಾನೆಲೆಯಲ್ಲೋ ಆದರೆ ಗೇಟಿನಲ್ಲೇ ಹೆಲ್ಮೆಟ್ ಇದೆಯಾ ಎಂದು ನೋಡುತ್ತಾರೆ, ಅದಕ್ಕೇ ಅಂತ ಬೇರೆ ಅಧಿಕಾರಿ ಇರುತ್ತಾರೆ. ನಮ್ಮ ಸೈಟಿನಲ್ಲಿ ಇರುವುದು ಗಾರೆ ಕೆಲಸದ ಒಬ್ಬ ಗೌಂಡಿ, ಇಬ್ಬರು ಹೆಲ್ಪರ್, ಒಂದು ಬಾಡಿಗೆ ಮಿಕ್ಸರ್. ಇಂಥ ಕಡೆ "ನಿಲ್ಲಿಸಿ, ಇದು ಸರಿ ಇಲ್ಲ" ಎಂದರೆ ಎಲ್ಲರೂ ಕೇಳುವುದು ಒಬ್ಬರ ಮಾತನ್ನೇ, ದುಡ್ಡು ಕೊಡುವವರ ಮಾತನ್ನು. ಹಾಗಾಗಿ ಇದನ್ನು ಮನೆ ಯಜಮಾನರಿಗೇ ಬರೆಯುತ್ತಿದ್ದೇನೆ. ಸಿವಿಲ್ ಓದಿರಬೇಕಾಗಿಲ್ಲ. ಎಲ್ಲಿ ನೋಡಬೇಕು, ಏನು ಕೇಳಬೇಕು ಎಂದು ಗೊತ್ತಿದ್ದರೆ ಸಾಕು.

ಎಲ್ಲರೂ ಮರೆಯುವ ಜಾಗದಿಂದಲೇ ಶುರು ಮಾಡುತ್ತೇನೆ.

ಹೊಸ ಟ್ಯಾಂಕು

ಹಳೇ ಸೆಪ್ಟಿಕ್ ಟ್ಯಾಂಕಿಗೆ ಇಳಿಯಬಾರದು ಎಂದು ಈಗ ಮಕ್ಕಳಿಗೂ ಗೊತ್ತು. ಆದರೆ ಹೊಸದು? ಇನ್ನೂ ಬಳಸಿಯೇ ಇಲ್ಲ, ವಾಸನೆ ಇಲ್ಲ, ಒಳಗೆ ಇರುವುದು ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕೆಳಗಿಂದ ಕೊಡುವ ಆಧಾರ) ಹಲಗೆ ಮತ್ತು ಒಂದಿಷ್ಟು ನೀರು. ಅದಕ್ಕೇ ಯಾರಿಗೂ ಹೆದರಿಕೆ ಆಗುವುದಿಲ್ಲ. ಜೀವ ಹೋಗುವುದೂ ಅಲ್ಲೇ.

ಆಗುವುದು ಇಷ್ಟೇ. ನೀರಿನ ಸಂಪಿಗೋ ಸೆಪ್ಟಿಕ್ ಟ್ಯಾಂಕಿಗೋ ಮೇಲೆ ಸ್ಲ್ಯಾಬ್ ಹಾಕುತ್ತಾರೆ. ಎರಡಡಿ ಚೌಕದ ಒಂದು ಬಾಯಿ ಬಿಟ್ಟು ಅದನ್ನೂ ಏನೋ ಒಂದು ಹಾಕಿ ಮುಚ್ಚುತ್ತಾರೆ. ಒಳಗೆ ಹಸಿ ಹಲಗೆ, ಅಡಿಕೆ ಮರದ ಕಂಬ, ಕಾಂಕ್ರೀಟ್ ಗಟ್ಟಿಯಾಗಲೆಂದು ಕಟ್ಟಿದ ಕ್ಯೂರಿಂಗ್ ನೀರು. ಎರಡು ಮೂರು ವಾರದಲ್ಲಿ ಆ ಮರ ಕೊಳೆಯಲು ಶುರುವಾಗುತ್ತದೆ, ಕೊಳೆಯುವಾಗ ಒಳಗಿದ್ದ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ. 21ರ ಆಸುಪಾಸು ಇರುತ್ತದೆ. ಶೇ. 19.5ಕ್ಕಿಂತ ಕಡಿಮೆ ಇದ್ದರೆ ಅಲ್ಲಿ ಇಳಿಯುವ ಹಾಗಿಲ್ಲ. ಶೇ. 10ಕ್ಕಿಂತ ಕೆಳಗೆ ಹೋಗಿದ್ದರೆ ಇಳಿದವನಿಗೆ ಉಸಿರು ಕಟ್ಟಿದ ಹಾಗೂ ಅನಿಸುವುದಿಲ್ಲ, ನೋಡನೋಡುತ್ತಲೇ ಎಚ್ಚರ ತಪ್ಪಿ ಬೀಳುತ್ತಾನೆ. ಮೇಲಿದ್ದವನು "ಜಾರಿ ಬಿದ್ದನೇನೋ" ಎಂದು ಎತ್ತಲು ಇಳಿಯುತ್ತಾನೆ. ಆಮೇಲೆ ಮೂರನೆಯವನು. ಪೇಪರಿನಲ್ಲಿ ಒಂದೇ ಟ್ಯಾಂಕಿನಲ್ಲಿ ಇಬ್ಬರು, ಮೂವರು ಎಂದು ಬರುತ್ತದಲ್ವಾ, ಅವರಲ್ಲಿ ಎಷ್ಟೋ ಜನ ಎತ್ತಲು ಹೋದವರು.

ನಾನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಕೋಲಾ ಕಡೆ ಒಂದು ಮನೆ. ಸಂಪಿನ ಹಲಗೆ ಬಿಚ್ಚಬೇಕಿತ್ತು. ಹೆಲ್ಪರ್ ಹುಡುಗ ಒಂದು ಕಾಲು ಒಳಗಿಟ್ಟಾಗಿತ್ತು. ಅಲ್ಲಿದ್ದ ವಯಸ್ಸಾದ ಗೌಂಡಿ ಅವನ ಅಂಗಿ ಹಿಡಿದು ಎಳೆದರು, ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಒಂದು ಮೇಣದಬತ್ತಿ ಹಚ್ಚಿ, ತಗಡಿನ ಡಬ್ಬಿಯಲ್ಲಿ ಕೂರಿಸಿ, ದಾರ ಕಟ್ಟಿ ಇಳಿಸಿದರು. ಮೂರಡಿ ಹೋಗಿತ್ತೋ ಇಲ್ಲವೋ, ಆರಿತು. ಮತ್ತೆ ಹಚ್ಚಿ ಇಳಿಸಿದರು, ಮತ್ತೆ ಆರಿತು. ಹುಡುಗ ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ.

ಹಾಗಂತ ಮೇಣದಬತ್ತಿಯನ್ನು ನಂಬಬೇಡಿ. ಆರಿದರೆ ಅಪಾಯ ಖಂಡಿತ. ಉರಿದರೆ ಸುರಕ್ಷಿತ ಎಂದು ಅರ್ಥವಲ್ಲ, ಯಾಕೆಂದರೆ ವಿಷಗಾಳಿ ಇದ್ದರೂ ಬತ್ತಿ ಉರಿಯುತ್ತದೆ. ಬಳಸಿದ ಸೆಪ್ಟಿಕ್ ಟ್ಯಾಂಕಿನ ಹತ್ತಿರವಂತೂ ಬೆಂಕಿ ಬೇಡವೇ ಬೇಡ, ಮಿಥೇನ್ ಇದ್ದರೆ ಹೊತ್ತಿಕೊಳ್ಳುತ್ತದೆ. ಅದಕ್ಕೆ ಯಾರೂ ಇಳಿಯುವುದೇ ಬೇಡ, ಯಂತ್ರದ ಗಾಡಿ ಕರೆಸಿ.

ಹೊಸ ಟ್ಯಾಂಕಿಗೆ ಮಾಡಬೇಕಾದ್ದು ಹೀಗೆ. ಸ್ಲ್ಯಾಬ್ ಹಾಕುವಾಗಲೇ ಎದುರುಬದುರು ಮೂಲೆಗಳಲ್ಲಿ ಎರಡು ಬಾಯಿ ಬಿಡಲು ಹೇಳಿ. ಹಲಗೆ ಬಿಚ್ಚುವ ಹಿಂದಿನ ದಿನವೇ ಎರಡನ್ನೂ ತೆರೆಸಿ, ಸುತ್ತ ಬೇಲಿ ಕಟ್ಟಿಸಿ. ಒಳಗಿನ ನೀರನ್ನು ಮೇಲಿಂದಲೇ ಪಂಪಿನಲ್ಲಿ ತೆಗೆಸಿ. ಒಂದು ಬ್ಲೋವರ್ ತಂದು ಅದರ ಪೈಪು ತಳ ಮುಟ್ಟುವಂತೆ ಬಿಟ್ಟು ಅರ್ಧ ಗಂಟೆಯಾದರೂ ಗಾಳಿ ಊದಿಸಿ, ಆಳು ಒಳಗಿರುವಷ್ಟು ಹೊತ್ತೂ ಅದು ಓಡುತ್ತಲೇ ಇರಬೇಕು. ಗಾಳಿ ಅಳೆಯುವ ಮೀಟರ್ ಎಲ್ಲಾದರೂ ಸಿಕ್ಕಿದರೆ ತರಿಸಿ, ಖಾತ್ರಿ ಹೇಳುವುದು ಅದೊಂದೇ. ಇಳಿಯುವವನು ಒಬ್ಬನೇ. ಅವನ ಕಂಕುಳ ಕೆಳಗೆ ಹಗ್ಗ, ಹಗ್ಗದ ತುದಿ ಮೇಲೆ ಇಬ್ಬರ ಕೈಯಲ್ಲಿ. ಅವನು ಬಿದ್ದರೆ ಹಗ್ಗ ಎಳೆಯುವುದು, 112ಕ್ಕೆ ಫೋನ್ ಮಾಡುವುದು, ಇಳಿಯುವುದಿಲ್ಲ. ಈ ಮಾತನ್ನು ಮೊದಲೇ ಆಡಿಟ್ಟಿರಬೇಕು, ಆ ಹೊತ್ತಿಗೆ ಯಾರಿಗೂ ಬುದ್ಧಿ ಓಡುವುದಿಲ್ಲ.

ಇದೆಲ್ಲ ರಗಳೆ ಅನಿಸಿದರೆ ಇನ್ನೂ ಸುಲಭದ ದಾರಿ ಇದೆ. ಚಪ್ಪಡಿಗಳನ್ನು ನೆಲದ ಮೇಲೆಯೇ ಎರಕ ಹೊಯ್ದು, ಆಮೇಲೆ ಎತ್ತಿ ಟ್ಯಾಂಕಿನ ಮೇಲೆ ಮುಚ್ಚಿಸಿ. ಒಳಗೆ ಹಲಗೆಯೇ ಇಲ್ಲ, ಬಿಚ್ಚಲು ಇಳಿಯುವವರೂ ಇಲ್ಲ. ನನ್ನ ಸೈಟುಗಳಲ್ಲಿ ಸಣ್ಣ ಟ್ಯಾಂಕಿಗೆ ಈಗ ಇದೇ.

ಬಾವಿ ವಿಷಯವೂ ಸ್ವಲ್ಪ ಹೀಗೆಯೇ. ಏಪ್ರಿಲ್, ಮೇ ಬಂತೆಂದರೆ ಬಾವಿ ಆಳ ಮಾಡಿಸುತ್ತೇವಲ್ಲ, ಆಗ ಡೀಸೆಲ್ ಅಥವಾ ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆಯೂ ಇಲ್ಲ.

ಬೀಳುವುದು

ಕಟ್ಟಡದ ಕೆಲಸದಲ್ಲಿ ಅತಿ ಹೆಚ್ಚು ಜೀವ ತೆಗೆಯುವುದು ಇದು. ಇಲ್ಲಿ ಮಾತ್ರ ಅಲ್ಲ, ಅಮೆರಿಕದಲ್ಲೂ ಪಟ್ಟಿಯ ಮೊದಲಲ್ಲಿ ಇರುವುದು ಇದೇ. ಹತ್ತನೇ ಮಹಡಿಯಿಂದ ಬೀಳಬೇಕಾಗಿಲ್ಲ. ಹತ್ತಡಿ ಸಾಕು, ತಲೆ ಕೆಳಗಾದರೆ ಆರಡಿಯೂ ಸಾಕು. "ಇಷ್ಟೇ ಎತ್ತರ ಅಲ್ವಾ" ಎನ್ನುವ ಕಡೆಯೇ ಬೀಳುತ್ತಾರೆ, ಎತ್ತರ ಜಾಸ್ತಿ ಇದ್ದರೆ ಅವರೇ ಹುಷಾರಾಗಿರುತ್ತಾರೆ.

ನಮ್ಮ ಕಡೆಯ ಸಾರುವೆ ನೋಡಿದ್ದೀರಲ್ಲ. ಬಿದಿರು ಅಥವಾ ಅಡಿಕೆ ಮರ, ಕತ್ತದ ಹಗ್ಗ, ಮೇಲೆ ಒಂದೇ ಒಂದು ಹಲಗೆ. ಆ ಹಲಗೆಯ ಮೇಲೆ ಒಂದು ಬಾಂಡ್ಲಿ ಗಾರೆ, ಎರಡು ಚಿರೆಕಲ್ಲು, ಒಬ್ಬ ಮನುಷ್ಯ. ಚಿರೆಕಲ್ಲು ಒಂದಕ್ಕೆ ಸುಮಾರು 30 ಕಿಲೋ ಎಂದಿಟ್ಟುಕೊಳ್ಳಿ. ಬಿದಿರಿನ ಬಗ್ಗೆ ನನಗೆ ತಕರಾರಿಲ್ಲ, ಒಳ್ಳೆಯ ಬಿದಿರು ಒಳ್ಳೆಯದೇ. ಆದರೆ ಹೋದ ವರ್ಷ ಮಳೆಯಲ್ಲಿ ನೆನೆದು ಈ ವರ್ಷ ಒಣಗಿದ ಅಡಿಕೆ ಕಂಬ ಹೊರಗೆ ಗಟ್ಟಿ ಕಾಣುತ್ತದೆ, ಒಳಗೆ ಪುಡಿ. ಚಾಕು ಚುಚ್ಚಿ ನೋಡಿ, ಸಲೀಸಾಗಿ ಹೋದರೆ ಒಲೆಗೆ ಹಾಕಿ. ನಿಲ್ಲಲು ಕನಿಷ್ಠ ಎರಡು ಹಲಗೆ ಅಕ್ಕಪಕ್ಕ ಇರಬೇಕು, ಎರಡೂ ತುದಿ ಕಟ್ಟಿರಬೇಕು. ಕಟ್ಟದ ಹಲಗೆಯ ತುದಿಗೆ ಹೋಗಿ ನಿಂತರೆ ಇನ್ನೊಂದು ತುದಿ ಏಳುತ್ತದೆ, ಬಾಲ್ಯದ ಸೀ-ಸಾ ಆಟದ ಹಾಗೆ. ಬೆನ್ನ ಹಿಂದೆ ಸೊಂಟದ ಎತ್ತರಕ್ಕೆ ಒಂದು ಅಡ್ಡ ಗಳ. ಆ ಒಂದು ಗಳಕ್ಕೆ ಏನು ಮಹಾ ಖರ್ಚು? ಆದರೂ ನಾನು ಹೇಳದೆ ಒಂದು ಸೈಟಿನಲ್ಲೂ ಅದನ್ನು ಕಟ್ಟಿದ್ದು ನೋಡಿಲ್ಲ.

ಕರಾವಳಿಯ ಇನ್ನೊಂದು ವಿಶೇಷ, ಟೆರೇಸಿನ ಮೇಲೆ ಶೀಟು. ಸ್ಲ್ಯಾಬ್ ಸೋರುತ್ತದೆ ಎಂದು ಮನೆಗೊಂದು ಶೀಟಿನ ಮಾಡು ಹಾಕಿಸಿಕೊಂಡಿದ್ದೇವೆ, ಎಲ್ಲರಿಗೂ ಅದು ಮೇ ಕೊನೆಯ ವಾರದಲ್ಲೇ ನೆನಪಾಗುತ್ತದೆ, ಫ್ಯಾಬ್ರಿಕೇಶನ್ ಹುಡುಗರು ಒಂದೇ ದಿನ ಮೂರು ಮನೆ ಮುಗಿಸಲು ಓಡುತ್ತಾರೆ, ಮೋಡ ಕಟ್ಟಿದೆ, ಗಾಳಿ ಬೀಸುತ್ತಿದೆ, ಒಬ್ಬ ಅಗಲದ ಶೀಟು ಹಿಡಿದು ಪೈಪಿನ ಮೇಲೆ ನಿಂತಿದ್ದಾನೆ, ಗಾಳಿಗೆ ಆ ಶೀಟು ದೋಣಿಯ ಹಾಯಿ ಇದ್ದ ಹಾಗೆ. ಏಪ್ರಿಲ್‌ನಲ್ಲೇ ಹಾಕಿಸಿ. ಗಾಳಿ ಎದ್ದ ದಿನ ಕೆಲಸ ನಿಲ್ಲಿಸಿ, ಆ ದಿನದ ಕೂಲಿ ಕೊಟ್ಟುಬಿಡಿ. ಕೂಲಿ ಹೋಗುತ್ತದೆ ಎಂಬ ಕಾರಣಕ್ಕೇ ಅವರು ಹತ್ತುವುದು. ಬೆಲ್ಟ್ ಎಂದರೆ ಸೊಂಟಕ್ಕೆ ಮಾತ್ರ ಕಟ್ಟುವುದಲ್ಲ, ಭುಜ ಮತ್ತು ತೊಡೆ ಎರಡನ್ನೂ ಹಿಡಿಯುವ ಪೂರ್ತಿ ಬೆಲ್ಟ್ ಬೇಕು. ಅದರ ಹಗ್ಗವನ್ನು ತಲೆಗಿಂತ ಮೇಲೆ, ವೆಲ್ಡಿಂಗ್ ಮುಗಿದ ಕಂಬಕ್ಕೆ ಸಿಕ್ಕಿಸಬೇಕು. ಸುಮ್ನೆ ಹಾಕಿಕೊಂಡು ಹಗ್ಗ ಬಾಲದ ಹಾಗೆ ಬಿಟ್ಟುಕೊಂಡು ಓಡಾಡುವವರನ್ನು ಎಷ್ಟೋ ನೋಡಿದ್ದೇನೆ.

ಹಳೆಯ ಸಿಮೆಂಟ್ ಶೀಟಿನ ಮೇಲೆ, ಬೆಳಕಿಗೆಂದು ಹಾಕಿದ ಪಾರದರ್ಶಕ ಶೀಟಿನ ಮೇಲೆ ಯಾರೂ ಕಾಲಿಡಬಾರದು. ಅದು ಬಿಸ್ಕತ್ತು. ಮಳೆಗಾಲ ಕಳೆದ ಮೇಲೆ ಹಾವಸೆ ಹಿಡಿದಿದ್ದರೆ ಎಲ್ಲಿ ಶೀಟು, ಎಲ್ಲಿ ಪಾರದರ್ಶಕ ಎಂದು ಗೊತ್ತೇ ಆಗುವುದಿಲ್ಲ. ಹತ್ತಲೇಬೇಕಾದರೆ ಕೆಳಗಿನ ಪೈಪುಗಳ ಮೇಲೆ ಕೂರುವಂತೆ ಉದ್ದ ಹಲಗೆ ಹಾಸಿಕೊಂಡು, ಅದರ ಮೇಲೆ ಮಾತ್ರ.

ಏಣಿ ಇಡುವುದು ಹೇಗೆಂದರೆ, ನಾಲ್ಕಡಿ ಎತ್ತರಕ್ಕೆ ಒಂದಡಿ ಲೆಕ್ಕದಲ್ಲಿ ಬುಡ ಗೋಡೆಯಿಂದ ದೂರ ಇರಬೇಕು. ಹತ್ತಿ ಇಳಿಯುವ ಅಂಚಿಗಿಂತ ಮೂರಡಿ ಮೇಲೆ ಬಂದಿರಬೇಕು, ಮೇಲಿನ ತುದಿ ಕಟ್ಟಿರಬೇಕು. ಮೆಟ್ಟಿಲು ಹಾಕಿದ ದಿನವೇ ಅದಕ್ಕೊಂದು ತಾತ್ಕಾಲಿಕ ಗಳ ಕಟ್ಟಿಸಿ. ಗ್ರಾನೈಟ್, ಸ್ಟೀಲ್ ರೇಲಿಂಗ್ ಬರಲು ಆರು ತಿಂಗಳಿದೆ, ಅಷ್ಟರಲ್ಲಿ ನಿಮ್ಮ ನೆಂಟರೂ ಮನೆ ನೋಡಲೆಂದು ಹತ್ತಿ ಇಳಿಯುತ್ತಾರೆ.

ಕರೆಂಟು

ಮೊದಲು ತಲೆ ಎತ್ತಿ ನೋಡಿ. ಸೈಟಿನ ಮೇಲೆ ಅಥವಾ ಪಕ್ಕದಲ್ಲಿ 11 ಕೆವಿ ತಂತಿ ಹೋಗಿದೆಯಾ? ಕಬ್ಬಿಣದ ಸರಳು ಬರುವುದು 40 ಅಡಿ ಉದ್ದಕ್ಕೆ. ತಂತಿ ಇರುವುದು ನೆಲದಿಂದ 20 ಅಡಿ ಆಸುಪಾಸಿನಲ್ಲಿ, ನೀವು ಮೊದಲ ಸ್ಲ್ಯಾಬಿನ ಮೇಲೆ ನಿಂತರೆ ಇನ್ನೂ ಹತ್ತಿರ. ಸರಳನ್ನು ನೆಟ್ಟಗೆ ಎತ್ತಿ ಮೇಲಿನವನ ಕೈಗೆ ಕೊಡುವಾಗ ಅದು ವಾಲಿತು ಎಂದರೆ ಮುಗಿಯಿತು. ಅಲ್ಯೂಮಿನಿಯಂ ಏಣಿ, ಶೀಟಿನ ಪೈಪು, ತೆಂಗಿನಕಾಯಿ ಕೊಯ್ಯುವ ಕಬ್ಬಿಣದ ಕೋಲು, ಎಲ್ಲಕ್ಕೂ ಇದೇ ಮಾತು. ಈ ತಂತಿಗೆ ಮೈ ತಾಗಲೇಬೇಕೆಂದಿಲ್ಲ, ತೀರಾ ಹತ್ತಿರ ಬಂದರೂ ಹಾರಿ ಹಿಡಿಯುತ್ತದೆ. ಕೆಲಸ ಶುರು ಮಾಡುವ ಮೊದಲೇ ಹೆಸ್ಕಾಂ (ನಮ್ಮ ಕಡೆಯ ವಿದ್ಯುತ್ ಕಂಪನಿ) ಸೆಕ್ಷನ್ ಆಫೀಸಿಗೆ ಹೋಗಿ ಅರ್ಜಿ ಕೊಡಿ, ಲೈನ್ ಸರಿಸಲು ಅಥವಾ ಆ ದಿನದ ಮಟ್ಟಿಗೆ ಕರೆಂಟ್ ತೆಗೆಸಲು. ತಡವಾಗುತ್ತದೆ, ಓಡಾಡಿಸುತ್ತಾರೆ, ನಿಜ. ಅಷ್ಟರಲ್ಲಿ ಆ ಬದಿಯ ಕೆಲಸ ಬಿಟ್ಟು ಬೇರೆ ಬದಿ ಮಾಡಿಸಿ. ಸರಳನ್ನು ಆ ಬದಿಯಿಂದ ಎತ್ತಲೇಬೇಡಿ.

ಇನ್ನು ಸೈಟಿನೊಳಗಿನ ಕರೆಂಟು. ಕಟಿಂಗ್ ಮಷೀನಿಗೆ ಪ್ಲಗ್ಗೇ ಇರುವುದಿಲ್ಲ, ಎರಡು ವಯರ್ ಸುಲಿದು ಸಾಕೆಟ್ಟಿಗೆ ತುರುಕಿ, ಬಿದ್ದುಹೋಗದಿರಲಿ ಎಂದು ಬೆಂಕಿಕಡ್ಡಿ ಸಿಕ್ಕಿಸಿರುತ್ತಾರೆ. ಟೇಪು ಸುತ್ತಿದ ಜೋಡಣೆ ಕೆಸರಿನಲ್ಲಿ ಮಲಗಿರುತ್ತದೆ. ಸ್ಲ್ಯಾಬ್ ಹಾಕುವ ದಿನ ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್ ಹಿಡಿದವನು ಬರಿಗಾಲಲ್ಲಿ ಹಸಿ ಕಾಂಕ್ರೀಟಿನಲ್ಲಿ, ಕಬ್ಬಿಣದ ಜಾಲರಿಯ ಮೇಲೆ ನಿಂತಿರುತ್ತಾನೆ. ಇದಕ್ಕೆಲ್ಲ ಒಂದೇ ಮದ್ದು, ತಾತ್ಕಾಲಿಕ ಮೀಟರ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಎಂಬ ಸ್ವಿಚ್, ಅಂಗಡಿಯಲ್ಲಿ ಇಎಲ್‌ಸಿಬಿ ಎಂದರೂ ಕೊಡುತ್ತಾರೆ. ಮೈಗೆ ಕರೆಂಟ್ ಹರಿದರೆ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುತ್ತದೆ. ಮಾಮೂಲಿ ಫ್ಯೂಸು, ಎಂಸಿಬಿ ವಯರನ್ನು ಉಳಿಸುತ್ತವೆ, ಮನುಷ್ಯನನ್ನಲ್ಲ. ಮನೆಗೆ ಹೇಗೂ ಇದು ಬೇಕೇ ಬೇಕು, ಒಂದು ವರ್ಷ ಮೊದಲೇ ತಂದರಾಯಿತು. ಅದರಲ್ಲಿ ಟೆಸ್ಟ್ ಎಂದು ಒಂದು ಬಟನ್ ಇರುತ್ತದೆ. ಸೈಟಿಗೆ ಹೋದಾಗಲೆಲ್ಲ ಒತ್ತಿ ನೋಡಿ. ಬೀಳದಿದ್ದರೆ ಬದಲಿಸುವವರೆಗೆ ಮಷೀನ್ ಬಂದ್.

ಧರೆ ಮತ್ತು ಪಾಯ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಇಳಿದು ಗಂಗಾವಳಿಗೆ ಸೇರಿದ್ದು ಯಾರಿಗೂ ಮರೆತಿಲ್ಲ. ಕಾರವಾರದವರಿಗೆ 2009ರ ಅಕ್ಟೋಬರ್‌ನ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದದ್ದೂ ನೆನಪಿದೆ. ಆದರೂ ಜಾಗ ಚಪ್ಪಟೆ ಮಾಡಲು ಜೆಸಿಬಿ ತಂದು ಹದಿನೈದು ಅಡಿ ಧರೆಯನ್ನು, ಅಂದರೆ ಗುಡ್ಡದ ಮಣ್ಣಿನ ಬದಿಯನ್ನು, ಗೋಡೆಯ ಹಾಗೆ ನೆಟ್ಟಗೆ ಕಡಿಸುತ್ತೇವೆ. ಬೇಸಿಗೆಯಲ್ಲಿ ಅದು ಕಲ್ಲಿನ ಹಾಗೆ ನಿಲ್ಲುತ್ತದೆ. ಮೇಲೆ ಚಿರೆಕಲ್ಲಿನ ಪದರ, ಕೆಳಗೆ ಬಿಳಿ, ನಸುಗೆಂಪು ಶೇಡಿ ಮಣ್ಣು. ಶೇಡಿ ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಬೆಣ್ಣೆ. ಮೇಲಿನ ಗಟ್ಟಿ ಪದರದ ಭಾರವೆಲ್ಲ ಅದರ ಮೇಲೆ. ಧರೆಯಲ್ಲಿ ಈ ಮಣ್ಣು ಕಂಡರೆ ನೆಟ್ಟಗೆ ಕಡಿಸಬೇಡಿ. ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿಸುತ್ತ ಕಡಿಸಿ, ಜಾಗ ಹೋಗುತ್ತದೆ ಎಂದು ಹೊಟ್ಟೆ ಉರಿದುಕೊಳ್ಳಬೇಡಿ.

ಸಣ್ಣ ಗುಂಡಿಯೂ ಹಾಗೆಯೇ. ಒಂದು ಘನ ಮೀಟರ್ ಮಣ್ಣು ಎಂದರೆ ಒಂದೂವರೆ ಟನ್ನಿಗೂ ಜಾಸ್ತಿ, ಒಂದು ಕಾರಿನ ಭಾರ. ಎದೆಮಟ್ಟ ಹೂತರೂ ಸಾಕು, ತಲೆ ಹೊರಗಿದ್ದರೂ ಉಸಿರಾಡಲು ಆಗುವುದಿಲ್ಲ. ಒಂದೊಂದು ಉಸಿರು ಬಿಟ್ಟಾಗಲೂ ಮಣ್ಣು ಇನ್ನಷ್ಟು ಬಿಗಿಯುತ್ತದೆ. ಐದಡಿ ದಾಟಿದ ಗುಂಡಿಗೆ ಆಳು ಇಳಿಯುವ ಮೊದಲು ಪಕ್ಕಗಳನ್ನು ಇಳಿಜಾರು ಮಾಡಿಸಬೇಕು, ಅಥವಾ ಹಲಗೆ ಕೊಟ್ಟು ಅಡ್ಡ ಬಿಗಿಸಬೇಕು. ತೆಗೆದ ಮಣ್ಣು ಅಂಚಿನಿಂದ ಕನಿಷ್ಠ ಮೂರಡಿ ಆಚೆ. ಏಣಿ ಗುಂಡಿಯೊಳಗೇ ಇರಲಿ. ರಾತ್ರಿ ಮಳೆ ಬಂದಿದ್ದರೆ ಬೆಳಿಗ್ಗೆ ನೀವೇ ಹೋಗಿ ಅಂಚಿನ ಸುತ್ತ ಬಿರುಕು ಇದೆಯಾ, ಪಕ್ಕದಿಂದ ನೀರು ಒಸರುತ್ತಿದೆಯಾ ನೋಡಿ. ಇದ್ದರೆ ಆ ದಿನ ಅಲ್ಲಿ ಯಾರೂ ಇಳಿಯುವುದಿಲ್ಲ.

ಪಾಗಾರದ (ಕಾಂಪೌಂಡ್ ಗೋಡೆಯ) ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಪಕ್ಕದ ಮನೆಯ ಹಳೇ ಪಾಗಾರದ ಬುಡಕ್ಕೆ ಅಂಟಿಕೊಂಡೇ ನಮ್ಮ ಪಾಯ ತೋಡುತ್ತೇವೆ. ಅವರ ಗೋಡೆಯ ಪಾಯ ಒಂದೂವರೆ ಅಡಿ, ನಮ್ಮದು ನಾಲ್ಕಡಿ. ಆ ಗೋಡೆಯ ಹಿಂದೆ ಮಣ್ಣು ತುಂಬಿದ್ದು, ನೀರು ಹೋಗಲು ತೂತು ಬಿಡದೇ ಇದ್ದರೆ ಅದು ಬೀಳಲು ಕಾಯುತ್ತಲೇ ಇರುತ್ತದೆ. ಒಂದೇ ಸಲ ಉದ್ದಕ್ಕೂ ತೋಡಬೇಡಿ. ನಾಲ್ಕೈದು ಅಡಿ ತೋಡಿ, ಕಟ್ಟಿ, ತುಂಬಿಸಿ, ಆಮೇಲೆ ಮುಂದಿನ ತುಂಡು. ಮಧ್ಯಾಹ್ನ ಊಟಕ್ಕೆ ಅದರ ನೆರಳಿನಲ್ಲಿ ಕೂರಲೂ ಬಿಡಬೇಡಿ.

ಸೆಂಟ್ರಿಂಗ್

ಸಾವಿರ ಚದರಡಿ, ಐದಿಂಚು ದಪ್ಪದ ಸ್ಲ್ಯಾಬ್ ಎಂದರೆ ಸುಮಾರು 30 ಟನ್. ಹಾಕಿದ ದಿನ ಅದು ಗಂಜಿ, ಪೂರ್ತಿ ಭಾರ ಕೆಳಗಿನ ಕಂಬಗಳ ಮೇಲೆ. ಸ್ಲ್ಯಾಬ್ ಹಾಕುವ ಹಿಂದಿನ ಸಂಜೆ ಒಬ್ಬರೇ ಕೆಳಗೆ ಓಡಾಡಿ ನೋಡಿ. ಕಂಬ ಅಲುಗಾಡಿಸಿದರೆ ಅಲುಗುತ್ತದಾ? ಎತ್ತರ ಸಾಲದೆ ಇಟ್ಟಿಗೆ ಮೇಲೆ ಇಟ್ಟಿಗೆ ಪೇರಿಸಿದ್ದಾರಾ? ಹಸಿ ಮಣ್ಣಿನ ಮೇಲೆ ಹಲಗೆ ಇಲ್ಲದೆ ನೇರ ನಿಲ್ಲಿಸಿದ್ದಾರಾ? ಕಂಬದಿಂದ ಕಂಬಕ್ಕೆ ಓರೆ ಕಟ್ಟು ಇದೆಯಾ? ಒಂದು ಸರಿ ಇಲ್ಲದಿದ್ದರೂ ಮಾರನೇ ದಿನ ಮುಹೂರ್ತ ಇದೆ ಎಂದು ಒಪ್ಪಬೇಡಿ. ಕಾಂಕ್ರೀಟ್ ಹಾಕುವಾಗ ಒಂದೇ ಕಡೆ ರಾಶಿ ಸುರಿಯಬಾರದು, ಕೆಳಗೆ ಯಾರೂ ಇರಬಾರದು. ಪೋರ್ಟಿಕೋ ಎತ್ತರ ಜಾಸ್ತಿ ಇರುವ ಮನೆಗಳಲ್ಲಿ ಅಪಾಯ ಅಲ್ಲೇ.

ಕೆಳಗಿನ ಕಂಬ ಬಿಚ್ಚುವ ಲೆಕ್ಕ: ಒಂದು ಆಧಾರದಿಂದ ಇನ್ನೊಂದಕ್ಕೆ 15 ಅಡಿ ಒಳಗಿನ ಸ್ಲ್ಯಾಬಿಗೆ ಕನಿಷ್ಠ 7 ದಿನ, ಅದಕ್ಕಿಂತ ಜಾಸ್ತಿ ಇದ್ದರೆ 14. ಬೀಮು 20 ಅಡಿ ಒಳಗಿದ್ದರೆ 14, ದಾಟಿದರೆ 21. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ (ಐಎಸ್) 456 ಹೇಳುವ ಕನಿಷ್ಠ ಇದು. ಈಗ ಸಿಗುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್ ಬಲ ಹಿಡಿಯುವುದು ನಿಧಾನ, ಹಾಗಾಗಿ ನಾನು ಸ್ಲ್ಯಾಬಿಗೆ 14ಕ್ಕಿಂತ ಮೊದಲು, ಬೀಮಿಗೆ 21ಕ್ಕಿಂತ ಮೊದಲು ಮುಟ್ಟಲು ಬಿಡುವುದಿಲ್ಲ. ಹೊರಗೆ ಚಾಚಿದ ಸಜ್ಜಾ ಸ್ಲ್ಯಾಬಿನ ಕೆಳಗಿನ ಕಂಬಗಳನ್ನು ಹೊರತುದಿಯಿಂದ ಗೋಡೆಯ ಕಡೆಗೆ ಬಿಚ್ಚುತ್ತ ಬರಬೇಕು, ಉಲ್ಟಾ ಅಲ್ಲ.

ಜೆಸಿಬಿ ಬಂದ ದಿನ ಅದರ ಹಿಂದೆ ಮತ್ತು ತೋಳು ತಿರುಗುವ ಸುತ್ತಳತೆಯಲ್ಲಿ ಯಾರೂ ಬೇಡ. ಗದಗ, ಬಾಗಲಕೋಟೆ ಕಡೆಯಿಂದ ಬಂದ ಕುಟುಂಬ ಸೈಟಿನಲ್ಲೇ ಶೆಡ್ ಹಾಕಿಕೊಂಡಿದ್ದರೆ ಮಕ್ಕಳಿರುತ್ತಾರೆ, ನೀರು ತುಂಬಿದ ಸಂಪಿನ ಬಾಯಿಗೆ ಮಗು ಎಳೆದರೂ ಸರಿಯದ ಮುಚ್ಚಳ ಹಾಕಿಸಿ.

ಆದರೂ ಏನಾದರೂ ಆದರೆ

ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಲೆಗೆ ದೊಡ್ಡ ಪೆಟ್ಟಾದರೆ ಕುಮಟಾದಿಂದ ಮಣಿಪಾಲಕ್ಕೆ ನೂರು ಕಿಲೋಮೀಟರ್ ಮೇಲೆ, ಶಿರಸಿಯವರು ಹುಬ್ಬಳ್ಳಿಗೆ, ಕಾರವಾರದವರು ಎಷ್ಟೋ ಸಲ ಗೋವಾಕ್ಕೆ. ಹಾಗಾಗಿ ಮೊದಲ ಹತ್ತು ನಿಮಿಷ ನಿಮ್ಮ ಕೈಯಲ್ಲೇ ಇದೆ.

ಮೇಲಿಂದ ಬಿದ್ದವನನ್ನು ಕೈಕಾಲು ಹಿಡಿದು ಎತ್ತಿ ರಿಕ್ಷಾಕ್ಕೆ ತುಂಬಬೇಡಿ. ಕುತ್ತಿಗೆ ಅಲ್ಲಾಡದಂತೆ ತಲೆಯನ್ನು ಎರಡೂ ಬದಿ ಹಿಡಿದುಕೊಂಡು 108 ಬರುವವರೆಗೆ ಕಾಯಿರಿ. ಕರೆಂಟ್ ಹಿಡಿದಿದ್ದರೆ ಮೊದಲು ಮೇನ್ ತೆಗೆಯಿರಿ, ಆಮೇಲೆ ಮುಟ್ಟಿ. 11 ಕೆವಿ ಆದರೆ ಹೆಸ್ಕಾಂನವರು ಲೈನ್ ತೆಗೆದೆವು ಎನ್ನುವವರೆಗೆ ಹತ್ತಿರ ಹೋಗಬೇಡಿ, ಫೋನ್ 1912. ಉಸಿರು ಇಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ಎರಡಿಂಚು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತ ಇರಿ. ಮಣ್ಣಿನಡಿ ಸಿಕ್ಕಿದ್ದರೆ ಅವನ ಹತ್ತಿರ ಜೆಸಿಬಿ ಬೇಡ, ಕೈಯಲ್ಲೇ ತೋಡಿ, ಮೊದಲು ಮುಖ, ಆಮೇಲೆ ಎದೆ.

ಕಾಗದದ ಕೆಲಸ ಎರಡಿವೆ, ಪಾಯ ಹಾಕುವ ಮೊದಲೇ ಮಾಡಿ. ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದ ಯಾರಿಗಾದರೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಸಿಗುತ್ತದೆ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಐದು ಜನ ಆಳಿಗೆ ನೂರು ರೂಪಾಯಿ, ನೀವೇ ಕೊಟ್ಟುಬಿಡಿ. ಇನ್ನೊಂದು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದೆಯಾ ಎಂದು ಕೇಳಿ. 18ರಿಂದ 60 ವರ್ಷದವರಿಗೆ, ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದರೆ ನೋಂದಣಿ ಆಗುತ್ತದೆ.

ಕೊನೆಗೊಂದು ಸಣ್ಣ ಕೆಲಸ. ದೂರದೂರಿನಿಂದ ಬಂದ ಹುಡುಗರಿಗೆ ನಿಮ್ಮ ಊರಿನ ಹೆಸರೇ ಸರಿಯಾಗಿ ಗೊತ್ತಿರುವುದಿಲ್ಲ, 108ಕ್ಕೆ ಫೋನ್ ಮಾಡಿ ಎಲ್ಲಿಗೆ ಬನ್ನಿ ಎನ್ನುತ್ತಾರೆ? ಊರು, ಕೇರಿ, ಹೆದ್ದಾರಿಯಿಂದ ತಿರುಗುವ ಜಾಗ, ಹತ್ತಿರದ ದೇವಸ್ಥಾನ ಅಥವಾ ಶಾಲೆ, ನಿಮ್ಮ ಫೋನ್ ನಂಬರ್, ಇಷ್ಟನ್ನು ಸಿಮೆಂಟ್ ಶೆಡ್ಡಿನ ಬಾಗಿಲ ಮೇಲೆ ಕನ್ನಡದಲ್ಲೂ ಹಿಂದಿಯಲ್ಲೂ ದೊಡ್ಡದಾಗಿ ಬರೆಸಿ. ಸೀಮೆಸುಣ್ಣ ಬೇಡ, ಪೇಂಟಿನಲ್ಲಿ ಬರೆಸಿ. ನಮ್ಮ ಮಳೆಗೆ ಸೀಮೆಸುಣ್ಣ ಒಂದು ದಿನವೂ ನಿಲ್ಲುವುದಿಲ್ಲ.